22 ಸಾವಿರದ ಕೇಬಲ್ ತಗೊಳ್ಳೋ ಮೊದಲು

ಕುಂದಾಪುರದ ಮನೆ, 6 ಓಮ್‌ನ (ಓಮ್ ಅಂದರೆ ಕರೆಂಟಿಗಿರುವ ತಡೆಯ ಅಳತೆ) ಬುಕ್‌ಶೆಲ್ಫ್ ಸ್ಪೀಕರ್, ಆಂಪ್‌ನಿಂದ (ಆಂಪ್ಲಿಫೈಯರ್) ಗೋಡೆ ಸುತ್ತಿ ಹೋಗುವ 6 ಮೀಟರ್ ವೈರ್, ಕೇಳೋದು ಸಿಡಿ ಮತ್ತು ಎಲ್‌ಪಿ. ಸದ್ದು ಮಂಕಾಗಿದೆ ಅನ್ನಿಸಿ ಅಂಗಡಿಗೆ ಹೋದರೆ 22 ಸಾವಿರದ ಕೇಬಲ್ ಸೆಟ್ ತೋರಿಸಿದ್ದಾರೆ. ತಗೊಳ್ಳಲೋ ಬೇಡವೋ ಅಂತ ನೀವು ಕೇಳಿದ್ದೀರಿ. ಆ ಸೆಟ್ ಬೇಡ. ಆದರೆ ಈಗಿರುವ ಸ್ಪೀಕರ್ ವೈರ್ ಮಾತ್ರ ಖಂಡಿತ ಬದಲಾಯಿಸಿ. ಎರಡಕ್ಕೂ ಕಾರಣ ಇದೆ.

ನೀವು ಹಾಕಿದ ಫೋಟೋ ನೋಡಿದರೆ ನಿಮ್ಮದು ತೀರಾ ತೆಳು ವೈರ್, ಹೆಚ್ಚೆಂದರೆ 0.5 ಸ್ಕ್ವೇರ್ ಎಂಎಂ (ಕತ್ತರಿಸಿದ ತುದಿಯ ತಾಮ್ರದ ವಿಸ್ತೀರ್ಣ). ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 0.017 ಓಮ್ ರೆಸಿಸ್ಟೆನ್ಸ್, ಅಂದರೆ ತಡೆ, ಇರುತ್ತದೆ. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, ಹಾಗಾಗಿ ನಿಮ್ಮ 6 ಮೀಟರ್ ಲೆಕ್ಕಕ್ಕೆ 12 ಮೀಟರ್. ಈಗಿನ ವೈರ್‌ನಲ್ಲಿ ಅದು 0.41 ಓಮ್ ಆಗುತ್ತದೆ. ಎರಡೂವರೆ ಸ್ಕ್ವೇರ್ ಎಂಎಂ ಹಾಕಿದರೆ 0.08ಕ್ಕೆ ಇಳಿಯುತ್ತದೆ. ವೈರ್‌ನ ರೆಸಿಸ್ಟೆನ್ಸ್ ಸ್ಪೀಕರ್‌ನ ಓಮ್‌ನಲ್ಲಿ ನೂರಕ್ಕೆ ಐದು ಭಾಗ ದಾಟಬಾರದು ಅನ್ನೋದು ರೂಢಿಯಲ್ಲಿರುವ ಲೆಕ್ಕ. ನಿಮ್ಮ ಸ್ಪೀಕರ್‌ಗೆ ಅದು 0.3. ನೀವು ಈಗಾಗಲೇ ದಾಟಿದ್ದೀರಿ.

ಇದರಿಂದ ಸದ್ದು ಸ್ವಲ್ಪ ಕಡಿಮೆ ಆಗೋದು ದೊಡ್ಡ ವಿಷಯ ಅಲ್ಲ, ವಾಲ್ಯೂಮ್ ತಿರುಗಿಸಿದರೆ ಆಯಿತು. ಆದರೆ ಸ್ಪೀಕರ್ ಹಿಂದೆ ಬರೆದಿರುವ 6 ಓಮ್ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಕೆಲವು ಸ್ವರಗಳಲ್ಲಿ ಅದು 4ಕ್ಕೆ ಇಳಿಯುತ್ತದೆ, ಕೆಲವದರಲ್ಲಿ 20 ದಾಟುತ್ತದೆ. ತೆಳು ವೈರ್ ಇದ್ದರೆ ಓಮ್ ಇಳಿದ ಕಡೆ ಸದ್ದು ಜಾಸ್ತಿ ತಗ್ಗುತ್ತದೆ, ಏರಿದ ಕಡೆ ಅಷ್ಟಾಗಿ ತಗ್ಗುವುದಿಲ್ಲ. 4 ಮತ್ತು 20 ಓಮ್ ನಡುವೆ ನಿಮ್ಮ ವೈರ್ ತರುವ ಈ ಏರುಪೇರು ಸುಮಾರು 0.7 ಡೆಸಿಬೆಲ್. ಗಮನ ಇಟ್ಟು ಕೇಳಿದರೆ ಅದು ಕಿವಿಗೆ ಸಿಗಬಹುದು. ಎರಡೂವರೆ ಸ್ಕ್ವೇರ್ ಎಂಎಂ ವೈರ್‌ನಲ್ಲಿ ಅದು 0.14ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಗೆ ವೈರ್‌ನ ಕೆಲಸ ಮುಗಿಯಿತು.

ಆಮೇಲೆ ಎಷ್ಟು ದುಡ್ಡು ಸುರಿದರೂ ಗಳಿಸುವುದಕ್ಕೆ ಏನೂ ಉಳಿದಿಲ್ಲ. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಐದಾರು ಭಾಗ ಮಾತ್ರ ಉತ್ತಮ ವಾಹಕ. ಅದೇ ದಪ್ಪದ ಬೆಳ್ಳಿ ವೈರ್ ಹಾಕಿದರೂ ನಿಮ್ಮ 0.083 ಓಮ್ 0.078 ಆಗಬಹುದು, ಅಷ್ಟೇ. 'ಆಕ್ಸಿಜನ್ ಫ್ರೀ', ಅಂದರೆ ಆಮ್ಲಜನಕ ತೆಗೆದು ಶುದ್ಧ ಮಾಡಿದ ತಾಮ್ರದ ಕಥೆಯೂ ಇದೇ. ಒಳ್ಳೆ ಕಂಪನಿಯ ಮಾಮೂಲಿ ಎಲೆಕ್ಟ್ರಿಕಲ್ ವೈರ್‌ನ ತಾಮ್ರವೇ ನೂರಕ್ಕೆ 99.9ಕ್ಕಿಂತ ಹೆಚ್ಚು ಶುದ್ಧ ಇರುತ್ತದೆ. ವಾಹಕತೆಯಲ್ಲಿ ಎರಡಕ್ಕೂ ಇರುವ ಅಂತರ ನೂರಕ್ಕೆ ಒಂದರ ಆಸುಪಾಸು.

ಹಾಗಾಗಿ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಎರಡು ಕೋರ್, ಎರಡೂವರೆ ಸ್ಕ್ವೇರ್ ಎಂಎಂ, ಸಣ್ಣ ಎಳೆಗಳ ಫ್ಲೆಕ್ಸಿಬಲ್ ತಾಮ್ರದ ವೈರ್ ಕೇಳಿ. ಒಂದು ಎಚ್ಚರಿಕೆ ಇದೆ. 'ಸ್ಪೀಕರ್ ವೈರ್' ಅಂತ ಅಗ್ಗಕ್ಕೆ ಸಿಗುವ ಪಾರದರ್ಶಕ ವೈರ್‌ಗಳಲ್ಲಿ ಎಷ್ಟೋ ತಾಮ್ರ ಬಳಿದ ಅಲ್ಯೂಮಿನಿಯಂ. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು. ಎಳೆಗಳು ಬೇಗ ಮುರಿಯುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಕೈಯಲ್ಲಿ ಹಿಡಿದರೂ ಹಗುರ ಅನ್ನಿಸುತ್ತದೆ. ತವರ ಲೇಪಿಸಿದ ತಾಮ್ರ ಹೊರಗೆ ಬಿಳಿ, ಒಳಗೆ ಕೆಂಪು. ಅದು ಒಳ್ಳೆಯದೇ, ಕರಾವಳಿಗಂತೂ ಇನ್ನೂ ಒಳ್ಳೆಯದು.

ಕರಾವಳಿ ಅಂದ ಮೇಲೆ ಹೇಳಲೇಬೇಕಾದ ಮಾತು ಒಂದಿದೆ. ನಿಮ್ಮ ಸಿಸ್ಟಮ್‌ನಲ್ಲಿ ನನಗೆ ಅತಿ ಜಾಸ್ತಿ ಅನುಮಾನ ಇರುವುದು ವೈರ್ ಮೇಲಲ್ಲ, ಅದರ ತುದಿಗಳ ಮೇಲೆ. ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ ಬರಿ ತಾಮ್ರದ ತುದಿ ಕಪ್ಪಾಗುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಸಿಡಿ ಪ್ಲೇಯರ್, ಎಲ್‌ಪಿ ನುಡಿಸುವ ಟರ್ನ್‌ಟೇಬಲ್ ಇವನ್ನು ಆಂಪ್‌ಗೆ ಸೇರಿಸುವ ಆರ್‌ಸಿಎ ಕೇಬಲ್‌ನ ಪಿನ್‌ಗಳೂ ಹಾಗೇ. ಸಂಪರ್ಕ ಹದಗೆಟ್ಟರೆ ಒಂದು ಕಡೆಯ ಸ್ಪೀಕರ್ ಸಣ್ಣಗೆ ಕೇಳುತ್ತದೆ, ಕರಕರ ಅನ್ನುತ್ತದೆ, ಒಮ್ಮೊಮ್ಮೆ ಸದ್ದೇ ಹೋಗುತ್ತದೆ. ದುಬಾರಿ ಕೇಬಲ್ ಹಾಕಿದ ದಿನ 'ವಾಹ್, ಎಷ್ಟು ತಿಳಿಯಾಯಿತು' ಅನ್ನುವವರಲ್ಲಿ ಕೆಲವರು ನಿಜವಾದ ವ್ಯತ್ಯಾಸವನ್ನೇ ಕೇಳಿರುತ್ತಾರೆ ಅಂತ ನಾನು ನಂಬುತ್ತೇನೆ. ಹಳೆ ತುದಿ ಹೋಗಿ ಹೊಸ ತುದಿ ಬಂದಿರುತ್ತದೆ, ಸ್ಕ್ರೂ ಬಿಗಿಯಾಗಿರುತ್ತದೆ. ಹೆಸರು ಮಾತ್ರ ಕೇಬಲ್‌ಗೆ ಹೋಗುತ್ತದೆ.

ಈ ಕೆಲಸ ನೀವೇ ಮಾಡಬಹುದು. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಪಿನ್ ಮತ್ತು ಜಾಕ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ವೈರ್ ತುದಿ ಸುಲಿದ ಮೇಲೆ ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಹೊರಗೆ ಉಳಿದು ಪಕ್ಕದ ಟರ್ಮಿನಲ್‌ಗೆ ತಾಗಿದರೆ ಆಂಪ್‌ನ ಔಟ್‌ಪುಟ್ ಸುಟ್ಟುಹೋಗಬಹುದು. ಸ್ಕ್ರೂ ಕೆಳಗೆ ಹೋಗುವ ತುದಿಗೆ ಸೀಸದ ಬೆಸುಗೆ ಹಾಕಬೇಡಿ, ಒತ್ತಡಕ್ಕೆ ಅದು ನಿಧಾನವಾಗಿ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ. ತುದಿಗೆ ಚಿನ್ನದ ಲೇಪನದ ಬನಾನಾ ಪ್ಲಗ್ (ಟರ್ಮಿನಲ್‌ಗೆ ನೇರ ಚುಚ್ಚುವ ಪಿನ್) ಹಾಕಿ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ನಿಮ್ಮ ಊರಿಗೆ ಅದು ಶೋಕಿ ಅಲ್ಲ. ಕೆಂಪು-ಕಪ್ಪು ಅದಲುಬದಲಾಗಿಲ್ಲ ಅಂತಲೂ ನೋಡಿ. ಒಂದು ಸ್ಪೀಕರ್‌ನಲ್ಲಿ ತಿರುಗುಮುರುಗಾದರೆ ಮೃದಂಗದ ತೊಪ್ಪಿಯ ಕಡೆಯ ತುಂಬು ಸದ್ದು ಕರಗಿಹೋಗುತ್ತದೆ. ಹಾಡುವವರ ದನಿ ಎರಡು ಸ್ಪೀಕರ್‌ಗಳ ನಡುವೆ ನಿಲ್ಲುವುದಿಲ್ಲ.

ಈಗ ಆರ್‌ಸಿಎ ಕೇಬಲ್. ಸಿಡಿ ಪ್ಲೇಯರ್ ಗರಿಷ್ಠ 2 ವೋಲ್ಟ್‌ನಷ್ಟು ಸಿಗ್ನಲ್ ಕೊಡುತ್ತದೆ. ಒಂದು ಮೀಟರ್ ಕೇಬಲ್ ಅದನ್ನು ಕೆಡಿಸುವುದು ಕಷ್ಟ. ಪಿನ್ ಬಿಗಿಯಾಗಿ ಕೂತು, ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಚೆನ್ನಾಗಿದ್ದರೆ ಸಾಕು.

ಟರ್ನ್‌ಟೇಬಲ್ ಮಾತ್ರ ಬೇರೆ. ಅದರ ಸೂಜಿ ಇರುವ, ಕಂಪನವನ್ನು ಸಿಗ್ನಲ್ ಮಾಡುವ ಭಾಗಕ್ಕೆ ಕಾರ್ಟ್ರಿಜ್ ಅಂತಾರೆ. ನಿಮ್ಮದು ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್ ಅಂದಿದ್ದೀರಿ. ಅದರಿಂದ ಬರುವುದು 5 ಮಿಲಿವೋಲ್ಟ್ ಆಸುಪಾಸು, ಸಿಡಿಯ ನಾನೂರರಲ್ಲಿ ಒಂದು ಪಾಲು. ಇಲ್ಲಿ ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ ಆವೇಶ ಹಿಡಿದಿಡುವ ಗುಣ, ಇದರ ಅಳತೆ ಪಿಕೋಫ್ಯಾರಡ್) ನಿಜಕ್ಕೂ ಸದ್ದನ್ನು ಬದಲಾಯಿಸುತ್ತದೆ. ಆಡಿಯೋ ಟೆಕ್ನಿಕಾದ ವಿಎಂ95 ಸರಣಿಯ ಕಾರ್ಟ್ರಿಜ್‌ಗಳಿಗೆ ಕಂಪನಿ ಹೇಳುವುದು 100ರಿಂದ 200 ಪಿಕೋಫ್ಯಾರಡ್, ಆರ್ಟೋಫಾನ್ 2ಎಂ ಸರಣಿಗೆ 150ರಿಂದ 300. ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ಕೋಲು) ಒಳಗಿನ ವೈರ್, ಹೊರಗಿನ ಕೇಬಲ್, ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ಸೇರಿಸುವ ಜಾಗ) ಮೂರೂ ಸೇರಿ ಇದರೊಳಗೆ ಬರಬೇಕು. ಸಾಮಾನ್ಯ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ, ಕೆಲವು ಅದಕ್ಕಿಂತ ಬಹಳ ಜಾಸ್ತಿ. ಮಿತಿ ದಾಟಿದರೆ ಮೇಲಿನ ಸ್ವರ ಒಂದು ಕಡೆ ಉಬ್ಬಿ ಕಿವಿಗೆ ಚುಚ್ಚುತ್ತದೆ, ಅದರಾಚೆಗಿನ ನವಿರು ನಾದ ಕತ್ತರಿಸಿದಂತೆ ಇಲ್ಲವಾಗುತ್ತದೆ. ಎಲ್‌ಪಿಯಲ್ಲಿ ಮಾತ್ರ ತೊಂದರೆ, ಸಿಡಿಯಲ್ಲಿ ಇಲ್ಲ ಅಂತಾದರೆ ಮೊದಲು ಇದನ್ನೇ ನೋಡಿ. ಇಲ್ಲಿ ಬೇಕಾದದ್ದು ಗಿಡ್ಡ, ಕಡಿಮೆ ಕೆಪಾಸಿಟೆನ್ಸ್‌ನ ಕೇಬಲ್. ಬೆಲೆ ಜಾಸ್ತಿ ಇರಲೇಬೇಕಂತಿಲ್ಲ.

ಗುಂಯ್ ಅನ್ನುವ ಸದ್ದಿನ ಬಗ್ಗೆಯೂ ಬರೆದಿದ್ದೀರಿ. ಟರ್ನ್‌ಟೇಬಲ್‌ನ ಗ್ರೌಂಡ್ ವೈರ್ ಆಂಪ್‌ನ ಗ್ರೌಂಡ್ ಸ್ಕ್ರೂಗೆ ಸೇರಿದೆಯಾ ನೋಡಿ. ಸೇರಿದ್ದರೂ ಬಂದರೆ, ಟಿವಿಯನ್ನೂ ಇದೇ ಆಂಪ್‌ಗೆ ಜೋಡಿಸಿದ್ದರೆ, ಸೆಟ್ ಟಾಪ್ ಬಾಕ್ಸ್‌ನ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಗ್ರೌಂಡ್ ಸೇರಿ ಆದ ಸುತ್ತು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಟಿವಿಯ ಸದ್ದನ್ನು ಆಪ್ಟಿಕಲ್ ಕೇಬಲ್‌ನಲ್ಲಿ ತಂದರೆ ಆ ದಾರಿಯಲ್ಲಿ ಲೂಪ್ ಆಗುವುದಿಲ್ಲ. ಸದ್ದು ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಜೀವಕ್ಕೆ ಅಪಾಯ.

ಸೆಟ್‌ನಲ್ಲಿರುವ ದಪ್ಪ ಪವರ್ ಕಾರ್ಡ್ ಸುಮ್ನೆ ಖರ್ಚು. ಗೋಡೆಯೊಳಗೆ ಎಷ್ಟೋ ಮೀಟರ್ ಮಾಮೂಲಿ ವೈರ್‌ನಲ್ಲಿ ಬಂದ ಕರೆಂಟ್ ಅದು, ಕೊನೆಯ ತುಂಡು ಮಾತ್ರ ದಪ್ಪ ಆದರೆ ಏನೂ ಬದಲಾಗುವುದಿಲ್ಲ.

'ಕಿವಿಗೆ ಕೇಳಿಸುತ್ತದಲ್ಲ, ಲೆಕ್ಕ ಯಾಕೆ' ಅಂತ ಈ ಚರ್ಚೆಯಲ್ಲೇ ಕೆಲವರು ಹೇಳಿದ್ದಾರೆ. ಕಿವಿಯ ಮಾತನ್ನೇ ಕೇಳೋಣ, ಆದರೆ ಯಾವ ಕೇಬಲ್ ಅಂತ ಗೊತ್ತಿಲ್ಲದೆ ಕೇಳೋಣ. ಅಮೆರಿಕದ ಮ್ಯಾಕಿಂತೋಷ್ ಆಂಪ್ ಕಂಪನಿಯ ಅಧ್ಯಕ್ಷರಾಗಿದ್ದ ಗಾರ್ಡನ್ ಗೌ ದುಬಾರಿ ಸ್ಪೀಕರ್ ಕೇಬಲ್‌ಗಳನ್ನೂ ಸಾಮಾನ್ಯ ದಪ್ಪ ವೈರ್ ಅನ್ನೂ ಬದಲಿಸಿ ಬದಲಿಸಿ ಕೇಳಿಸುತ್ತಿದ್ದರು. ಕೇಳುಗರಿಗೆ ವ್ಯತ್ಯಾಸ ಗುರುತಿಸಲು ಆಗುತ್ತಿರಲಿಲ್ಲ. ನೀವೂ ಮಾಡಿ ನೋಡಿ. 200 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ಎರಡೂ ಕೇಬಲ್‌ಗೆ ವೋಲ್ಟೇಜ್ ನೂರಕ್ಕೆ ಒಂದು ಭಾಗದೊಳಗೆ ಸಮ ಮಾಡಿಕೊಳ್ಳಿ, ಯಾಕಂದರೆ ಚೂರು ಜೋರಾಗಿರುವುದು ಸಾಮಾನ್ಯವಾಗಿ ಚೆನ್ನಾಗಿದೆ ಅನ್ನಿಸುತ್ತದೆ. ಆಮೇಲೆ ಮನೆಯವರು ನಾಣ್ಯ ಚಿಮ್ಮಿ ಕೇಬಲ್ ಹಾಕಲಿ, ನೀವು ನೋಡದೆ ಹೇಳಿ. 16ರಲ್ಲಿ 12 ಸರಿ ಬಂದರೆ ನಾನು ಒಪ್ಪುತ್ತೇನೆ. ಬರಿ ಊಹೆಯಲ್ಲಿ ಅಷ್ಟು ಸರಿ ಬರುವ ಸಂಭವ ನೂರಕ್ಕೆ ನಾಲ್ಕೇ.

ಉಳಿದ ದುಡ್ಡು ಕೋಣೆಗೆ ಹಾಕಿ. ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ಚಪ್ಪಾಳೆ ತಟ್ಟಿದಾಗ ಝಣ್ ಅನ್ನುತ್ತದೆ. ಆ ಪ್ರತಿಧ್ವನಿಯಲ್ಲಿ ಹಾಡಿನ ಸಾಹಿತ್ಯವೇ ಕಲಸಿಹೋಗುತ್ತದೆ. ಸ್ಪೀಕರ್ ಮುಂದೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲಿನ ಸ್ವರ ಹೊರಡುವ ಭಾಗ) ಕಿವಿಯ ಮಟ್ಟಕ್ಕೆ ಬರುವ ಸ್ಟ್ಯಾಂಡ್, ಗೋಡೆಯಿಂದ ಒಂದೆರಡು ಅಡಿ ಅಂತರ, ಇಷ್ಟು ಮಾಡಿದರೆ ಸಿಗುವ ಬದಲಾವಣೆಗೆ ಯಾವ ಪರೀಕ್ಷೆಯೂ ಬೇಡ.

ಮೊದಲು ತುದಿಗಳನ್ನು ಕ್ಲೀನ್ ಮಾಡಿ, ಹೊಸ ವೈರ್ ಹಾಕಿ ಕೇಳಿ. ಎಲ್‌ಪಿ ಮಾತ್ರ ಇನ್ನೂ ಸರಿ ಬರದಿದ್ದರೆ ಕಾರ್ಟ್ರಿಜ್ ಮಾಡೆಲ್ ಮತ್ತು ಫೋನೋ ಇನ್‌ಪುಟ್‌ನ ಪಿಕೋಫ್ಯಾರಡ್ ಎಷ್ಟು ಅಂತ ಇಲ್ಲಿ ಹಾಕಿ. ಎಷ್ಟು ಉದ್ದದ ಕೇಬಲ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.