ಹಿಮದ ಮೇಲೆ ಮೊದಲ ರಾತ್ರಿ: ದೂರ ಕಡಿಮೆ ಇರಲಿ, ತಯಾರಿ ಜಾಸ್ತಿ ಇರಲಿ

ಪ್ರಶ್ನೆ: ನಾವು ಮೂವರು ಗೆಳೆಯರು. ಕೆಲವು ವರ್ಷಗಳಿಂದ ರೆಸಾರ್ಟ್‌ಗಳಲ್ಲಿ ಸ್ಕೀ ಮಾಡುತ್ತಿದ್ದೇವೆ. ಹಿಮಕುಸಿತ ಸುರಕ್ಷತೆಯ ಕೋರ್ಸ್ ಮುಗಿದಿದೆ, ಬ್ಯಾಕ್‌ಕಂಟ್ರಿಯಲ್ಲಿ (ರೆಸಾರ್ಟ್ ಹೊರಗಿನ ಹಿಮಬೆಟ್ಟಗಳಲ್ಲಿ) ಒಂದು ದಿನದ ಟೂರ್‌ಗಳನ್ನೂ ಮಾಡಿದ್ದೇವೆ. ಈಗ 12 ಕಿ.ಮೀ. ನಡೆದು, 900 ಮೀಟರ್ ಏರಿ, ಕಣಿವೆಯ ತುದಿಯಲ್ಲಿ ಟೆಂಟ್ ಹಾಕಿ, ಮಾರನೇ ದಿನ ಶಿಖರದಿಂದ ಸ್ಕೀ ಮಾಡುತ್ತಾ ಇಳಿಯುವ ಆಸೆ. ಪ್ಲಾನ್ ಸರಿ ಇದೆಯಾ?

ಉತ್ತರ: ಆಸೆ ಸರಿಯಾಗಿದೆ. ಆದರೆ ಮೊದಲ ಸಲಕ್ಕೆ ಈ ಪ್ಲಾನ್ ಜಾಸ್ತಿಯಾಯಿತು. ಗೊತ್ತಿಲ್ಲದ ಕಣಿವೆ, ಭಾರದ ಬ್ಯಾಗ್, ಚಳಿಯ ರಾತ್ರಿ, ನಿದ್ದೆಗೆಟ್ಟ ಬೆಳಿಗ್ಗೆ ಕಡಿದಾದ ಇಳಿಜಾರು, ಎಲ್ಲವೂ ಒಟ್ಟಿಗೇ ಹೊಸದು. ರಾತ್ರಿ ತಂಗುವುದೊಂದೇ ಹೊಸದಾಗಿರಲಿ. ಮಿಕ್ಕಿದ್ದೆಲ್ಲ ನಿಮಗೆ ಚೆನ್ನಾಗಿ ಗೊತ್ತಿರುವುದೇ ಆಗಿರಲಿ.

ಮೊದಲು ಸಮಯದ ಲೆಕ್ಕ ಹಾಕೋಣ. ಸ್ವಿಟ್ಜರ್ಲೆಂಡಿನ ಪರ್ವತ ಗೈಡ್ ವೆರ್ನರ್ ಮುಂಟರ್ ಕೊಟ್ಟ ಸುಲಭದ ಲೆಕ್ಕವೊಂದಿದೆ. ಒಂದು ಕಿಲೋಮೀಟರ್‌ಗೆ ಒಂದು ಅಂಕ, 100 ಮೀಟರ್ ಏರಿಗೆ ಇನ್ನೊಂದು ಅಂಕ. ಎರಡನ್ನೂ ಕೂಡಿ 4ರಿಂದ ಭಾಗಿಸಿದರೆ ಹತ್ತಲು ಬೇಕಾದ ಗಂಟೆಗಳು ಸಿಗುತ್ತವೆ. ನಿಮ್ಮದು 12 ಮತ್ತು 9, ಒಟ್ಟು 21. ಅಂದರೆ ಐದೂಕಾಲು ಗಂಟೆ. ಬೆನ್ನ ಮೇಲೆ ಭಾರ ಇದೆ, ಹೊಸ ಹಿಮದಲ್ಲಿ ದಾರಿಯನ್ನೂ ನೀವೇ ತುಳಿಯಬೇಕು ಅಂದರೆ 3ರಿಂದ ಭಾಗಿಸಿ. ಏಳು ಗಂಟೆ ಆಯಿತು. ಊಟ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಚಳಿಗಾಲದ ಗಿಡ್ಡ ಹಗಲಿನಲ್ಲಿ ನೀವು ತಲುಪುವ ಹೊತ್ತಿಗೆ ಕತ್ತಲಾಗಿರುತ್ತದೆ. ಟೆಂಟ್ ಹಾಕುವ ಕೆಲಸ ಶುರುವಾಗುವುದೇ ಆಮೇಲೆ.

ಅದರ ಬದಲು, ಈಗಾಗಲೇ ಟೂರ್ ಮಾಡಿದ ಜಾಗವನ್ನೇ ಆರಿಸಿ. 4 ಕಿ.ಮೀ. ದೂರ, 300 ಮೀಟರ್ ಏರು ಸಾಕು. ಭಾರ ಹೊತ್ತರೂ ಎರಡೂವರೆ ಗಂಟೆಯೊಳಗೆ ತಲುಪುತ್ತೀರಿ. ಬೆಳಕಿರುವಾಗಲೇ ಎಲ್ಲ ಕೆಲಸ ಮುಗಿಯುತ್ತದೆ. ರಾತ್ರಿ ಯಾರಿಗಾದರೂ ನಡುಕ ನಿಲ್ಲದಿದ್ದರೆ ಕೆಳಗಿಳಿದು ಕಾರು ಸೇರಬಹುದು. ಇದು ಕಮ್ಮಿ ಸಾಹಸ ಅಂತ ಬೇಸರ ಬೇಡ. ಹಿಮದಲ್ಲಿ ಮಲಗಿ ಏಳುವುದೇ ಕಲಿಯಬೇಕಾದ ದೊಡ್ಡ ಕೆಲಸ.

ಇನ್ನು ಹಿಮಕುಸಿತದ ವಿಷಯ. ಪದರವಾಗಿ ಜಾರುವ ಅಪಾಯಕಾರಿ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ನಮಗೆಲ್ಲ ಇಷ್ಟವಾಗುವ ಇಳಿಜಾರೂ ಅದೇ, ಅಲ್ವಾ? ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಕಾಲ ಕೆಳಗಿನ ಹಿಮ ತಾನಾಗಿ ಜಾರಿದ್ದಲ್ಲ. ಅವರೋ ಅವರ ಜೊತೆಗಾರರೋ ತುಳಿದಿದ್ದರಿಂದಲೇ ಜಾರಿದ್ದು. ಆದ್ದರಿಂದ ಈ ಸಲ 30 ಡಿಗ್ರಿಗಿಂತ ಕಡಿಮೆ ಇರುವ ಇಳಿಜಾರಿನಲ್ಲೇ ಇರಿ. ನೀವು ಸಮತಟ್ಟಾದ ಕಡೆ ನಡೆಯುತ್ತಿದ್ದರೂ ತಲೆಯ ಮೇಲೆ ಏನಿದೆ ಅಂತ ನೋಡಿ. ಕುಸಿತ ಮೇಲಿನಿಂದ ಬಂದು ಕಣಿವೆಯ ತಳದವರೆಗೂ ಹರಿಯುತ್ತದೆ. ಒಂದೇ ಕಡೆಗೆ ಕೊಂಬೆ ಮುರಿದ ಮರಗಳು, ಕಾಡಿನ ನಡುವೆ ಮರವೇ ಇಲ್ಲದ ಉದ್ದ ಪಟ್ಟಿ ಕಂಡರೆ ಅದು ಕುಸಿತದ ದಾರಿ. ಅಲ್ಲಿ ಟೆಂಟ್ ಬೇಡವೇ ಬೇಡ.

ಆ ಪ್ರದೇಶದ ಹಿಮಕುಸಿತ ಮುನ್ಸೂಚನೆಯನ್ನು ಒಂದು ವಾರ ಮೊದಲಿನಿಂದಲೇ ದಿನವೂ ಓದಿ. ಹೊರಡುವ ಬೆಳಿಗ್ಗೆ ಒಮ್ಮೆ ನೋಡಿದರೆ ಸಾಲದು. ಅಪಾಯದ ಮಟ್ಟ 1ರಿಂದ 5ರವರೆಗೆ ಇರುತ್ತದೆ. 3 ನಡುವಿನ ಅಂಕಿ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ, ತುಂಬ ಜೀವ ಹೋಗಿರುವುದು ಆ ಮಟ್ಟದಲ್ಲೇ. 3 ಇದ್ದರೆ ನಿಮ್ಮ ಮೊದಲ ರಾತ್ರಿಯನ್ನು ಮುಂದಕ್ಕೆ ಹಾಕಿ. ದಾರಿಯಲ್ಲಿ ಕಾಲ ಕೆಳಗೆ 'ಧುಮ್' ಅಂತ ಹಿಮ ಕುಸಿದ ಸದ್ದು ಬಂದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಚರ್ಚೆ ಮಾಡದೆ ವಾಪಸ್ ಬನ್ನಿ.

ಬೀಕನ್ (ಹೂತುಹೋದವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷ ಕಳೆದಂತೆ ಬೇಗ ಬೇಗ ಇಳಿಯುತ್ತದೆ. ಅಷ್ಟರಲ್ಲಿ ಅಗೆದು ತೆಗೆಯಬೇಕಾದವರು ನಿಮ್ಮ ಗೆಳೆಯರೇ. ಹೋಗುವ ಮೊದಲಿನ ವಾರ ಒಂದು ಬೀಕನ್ ಹೂತಿಟ್ಟು ಹುಡುಕಿ ಅಭ್ಯಾಸ ಮಾಡಿ. ಮೊಬೈಲ್ ಬೀಕನ್‌ನ ಸಿಗ್ನಲ್‌ಗೆ ತೊಂದರೆ ಕೊಡುತ್ತದೆ. ಅದನ್ನು ಎದೆಯ ಜೇಬಿನಲ್ಲಿ ಇಡಬೇಡಿ.

ಪ್ರಶ್ನೆ: ಟೆಂಟ್‌ನಲ್ಲಿ ಚಳಿ ತಡೆಯುವುದು, ನೀರು ಮಾಡಿಕೊಳ್ಳುವುದು ಹೇಗೆ? ನಮ್ಮ ಹತ್ತಿರ ಬೇಸಿಗೆ ಟ್ರೆಕ್ಕಿಂಗ್‌ನ ಸಾಮಾನು ಮಾತ್ರ ಇದೆ.

ಉತ್ತರ: ಮೊದಲು ಬದಲಿಸಬೇಕಾದದ್ದು ಮಲಗುವ ಮ್ಯಾಟ್. ಎಷ್ಟೇ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಆದರೂ ಮೈಯಡಿಯ ಭಾಗ ಚಪ್ಪಟೆಯಾಗಿ ಬಿಸಿ ಹಿಡಿಯುವುದಿಲ್ಲ. ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ, ಮೈಬಿಸಿ ನೆಲಕ್ಕೆ ಹೋಗುವುದನ್ನು ಮ್ಯಾಟ್ ಎಷ್ಟು ತಡೆಯುತ್ತದೆ ಅಂತ ಅದು ಹೇಳುತ್ತದೆ. ಹಿಮಕ್ಕೆ ಅದು 5ಕ್ಕಿಂತ ಜಾಸ್ತಿ ಇರಬೇಕು. ಒಂದರ ಮೇಲೊಂದು ಹಾಸಿದರೆ ಅಂಕಿಗಳೂ ಕೂಡುತ್ತವೆ. ಹಾಗಾಗಿ ಕೆಳಗೆ ಫೋಮ್ ಮ್ಯಾಟ್, ಮೇಲೆ ಗಾಳಿ ತುಂಬುವ ಮ್ಯಾಟ್ ಹಾಕಿ. ಗಾಳಿಯದು ತೂತಾದರೂ ಫೋಮ್ ಇರುತ್ತದೆ.

ಟೆಂಟ್ ಹಾಕುವ ಜಾಗವನ್ನು ಸ್ಕೀ ಹಾಕಿಕೊಂಡೇ ತುಳಿದು ಗಟ್ಟಿ ಮಾಡಿ, ಆಮೇಲೆ ಬೂಟಿನಲ್ಲಿ ತುಳಿದು ಅರ್ಧ ಗಂಟೆ ಬಿಡಿ. ತುಳಿದ ಹಿಮದ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ನೆಲ ಬಿಗಿಯಾಗುತ್ತದೆ. ಅವಸರಪಟ್ಟರೆ ರಾತ್ರಿ ಸೊಂಟದಡಿ ಗುಂಡಿ ಬೀಳುತ್ತದೆ, ಬೆಳಗಿನವರೆಗೂ ಒದ್ದಾಟ. ಮಾಮೂಲಿ ಗೂಟಗಳು ಹಿಮದಲ್ಲಿ ನಿಲ್ಲುವುದಿಲ್ಲ. ಚಿಕ್ಕ ಚೀಲಕ್ಕೆ ಹಿಮ ತುಂಬಿ, ಹಗ್ಗ ಕಟ್ಟಿ, ಅಡ್ಡಲಾಗಿ ಹೂತು ತುಳಿಯಿರಿ.

ನೀರಿಗೆ ಹಿಮ ಕರಗಿಸಬೇಕು. ಇದಕ್ಕೆ ಹಿಡಿಯುವ ಹೊತ್ತು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಪಾತ್ರೆಗೆ ಬರೀ ಹಿಮ ತುಂಬಿ ಉರಿ ಹಚ್ಚಿದರೆ ತಳ ಸೀದು ನೀರಿಗೆ ಕಮಟು ವಾಸನೆ ಬರುತ್ತದೆ. ಉಳಿದ ನೀರನ್ನು ಒಂದು ಲೋಟದಷ್ಟು ಮೊದಲು ಹಾಕಿ, ಬಿಸಿಯಾದ ಮೇಲೆ ಹಿಮವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಬ್ಯೂಟೇನ್ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದು ನಿಲ್ಲಿಸುತ್ತದೆ, ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೆ ಆವಿಯಾಗುತ್ತದೆ. ಅದಕ್ಕಿಂತ ಚಳಿ ಇದ್ದರೆ ದ್ರವ ಇಂಧನದ ಸ್ಟೌ ಬೇಕು. ಗಾಳಿ ಆಡದ ಟೆಂಟ್‌ನೊಳಗೆ ಯಾವ ಸ್ಟೌವನ್ನೂ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗದೆ ಪ್ರಾಣ ಹೋಗುತ್ತದೆ.

ಮಲಗುವ ಮುಂಚೆ ಬೂಟಿನ ಒಳಪದರ, ಸ್ಕಿನ್ (ಹತ್ತುವಾಗ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ), ಮೊಬೈಲ್ ಎಲ್ಲ ಸ್ಲೀಪಿಂಗ್ ಬ್ಯಾಗ್ ಒಳಗೆ. ಸ್ಕಿನ್‌ನ ಅಂಟು ತಣ್ಣಗಾದರೆ ಬೆಳಿಗ್ಗೆ ಸ್ಕೀಗೆ ಹಿಡಿಯುವುದಿಲ್ಲ. ಬಿಸಿನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ ಕಾಲ ಹತ್ತಿರ ಇಟ್ಟುಕೊಳ್ಳಿ. ಒಳ್ಳೆಯ ನಿದ್ದೆ ಬರುತ್ತದೆ, ಬೆಳಿಗ್ಗೆ ಹೆಪ್ಪುಗಟ್ಟದ ನೀರೂ ಸಿಗುತ್ತದೆ.

ಪ್ರಶ್ನೆ: ಮನೆಯಲ್ಲಿ ತುಂಬ ಭಯ ಪಡುತ್ತಿದ್ದಾರೆ. ಮೊಬೈಲ್ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ಕಣಿವೆಯಲ್ಲಿ ಸಿಗ್ನಲ್ ಇರುವುದು ಅಪರೂಪ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನವೊಂದು ಗುಂಪಿನಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ಮನೆಯವರಿಗೆ ಒಂದು ಚೀಟಿ ಬರೆದು ಕೊಡಿ: ಕಾರು ಎಲ್ಲಿ ನಿಲ್ಲಿಸುತ್ತೀರಿ, ಯಾವ ದಾರಿ, ಎಲ್ಲಿ ಟೆಂಟ್, ಮೂವರ ಹೆಸರು, ಟೆಂಟ್‌ನ ಬಣ್ಣ, ವಾಪಸ್ ಬರುವ ಸಮಯ, ಎಷ್ಟು ಗಂಟೆ ದಾಟಿದರೆ ಯಾವ ನಂಬರ್‌ಗೆ ಕರೆ ಮಾಡಬೇಕು. ಈ ಕೊನೆಯ ಸಮಯವನ್ನು ಅಂದಾಜಿಗಿಂತ ನಾಲ್ಕೈದು ಗಂಟೆ ಮುಂದಿಡಿ. ಇಲ್ಲದಿದ್ದರೆ ತಡವಾಯಿತು ಅನ್ನುವ ಗಾಬರಿಯಲ್ಲಿ ನೀವೇ ಸಂಜೆಯ ಹೊತ್ತು ಬೇಡದ ಇಳಿಜಾರಿಗೆ ಇಳಿಯುತ್ತೀರಿ. ಕಾರಿಗೆ ವಾಪಸ್ ಬಂದ ಕೂಡಲೇ ಮೊದಲು ಮನೆಗೆ ಫೋನ್ ಮಾಡಿ, ಬೂಟು ಬಿಚ್ಚುವುದು ಆಮೇಲೆ.