ಬೆಕ್ಕಿನ ಮರಿಯ ಕೂದಲು ಮುಂದೆ ಹೇಗಾದೀತು?

ಪ್ರಶ್ನೆ: ನಮ್ಮ ಮನೆಯ ಕಪ್ಪು-ಬಿಳಿ ಬೆಕ್ಕು ನಾಲ್ಕು ಮರಿಗಳನ್ನು ಹಾಕಿದ್ದು, ಅವುಗಳಿಗೆ ಈಗ ಆರು ವಾರ. ತಾಯಿಯದು ಗಿಡ್ಡ ಕೂದಲು. ತಂದೆ ಯಾವುದೆಂದು ತಿಳಿಯದು. ಒಂದು ಮರಿಯ ಮೈ ಉಳಿದವುಗಳಿಗಿಂತ ಹೆಚ್ಚು ಉಬ್ಬಿಕೊಂಡಿದೆ. ಇನ್ನೊಂದು ಕಪ್ಪು ಮರಿಯ ಮೈಮೇಲೆ ಬೂದಿ ಎರಚಿದಂತೆ ಬೆಳ್ಳಿಗೂದಲು ಕಾಣುತ್ತಿದೆ. ದೊಡ್ಡವಾದ ಮೇಲೆ ಇವುಗಳ ಕೂದಲಿನ ಉದ್ದವೆಷ್ಟು, ಬಣ್ಣ ಯಾವುದು ಎಂದು ಈಗಲೇ ಹೇಳಲು ಸಾಧ್ಯವೇ? ಮರಿ ಬೇಕೆಂದು ಕೇಳುತ್ತಿರುವವರಿಗೆ ಏನು ಹೇಳಲಿ?

ಉತ್ತರ: ಬಣ್ಣದ ಬಗ್ಗೆ ಬಹುಮಟ್ಟಿಗೆ ಈಗಲೇ ಹೇಳಬಹುದು, ಉದ್ದದ ಬಗ್ಗೆ ಮಾತ್ರ ಇನ್ನೊಂದು ತಿಂಗಳಾದರೂ ಕಾಯುವುದು ಒಳ್ಳೆಯದು. ಆರು ವಾರದ ಮರಿಯ ಮೈಮೇಲಿರುವುದು ಎಳೆಗೂದಲು. ಅದು ನವಿರಾಗಿದ್ದು, ಮೈಗೆ ಒತ್ತಿಕೊಳ್ಳದೆ ನೆಟ್ಟಗೆ ನಿಲ್ಲುವುದರಿಂದ ಗಿಡ್ಡ ಕೂದಲಿನ ಮರಿಯೂ ಈ ವಯಸ್ಸಿನಲ್ಲಿ ಉಬ್ಬಿದಂತೆ ಕಾಣುತ್ತದೆ. ಆದ್ದರಿಂದ ಬೆನ್ನನ್ನೂ ಪಕ್ಕೆಗಳನ್ನೂ ನೋಡಿ ತೀರ್ಮಾನಕ್ಕೆ ಬರಬೇಡಿ. ಎಂಟು-ಹತ್ತು ವಾರಗಳಾದಾಗ ಕಿವಿಯ ಒಳಗಿನ ಕೂದಲು ಅಂಚನ್ನು ದಾಟಿ ಹೊರಚಾಚಿದೆಯೇ, ಪಾದದ ಮೆತ್ತೆಗಳ ನಡುವಿನಿಂದ ಎಳೆಗಳು ಇಣುಕುತ್ತಿವೆಯೇ, ಹಿಂದೊಡೆಗಳ ಹಿಂಬದಿಯಲ್ಲೂ ಹೊಟ್ಟೆಯ ಮೇಲೂ ಕೂದಲು ಮೈಯ ಉಳಿದ ಭಾಗಕ್ಕಿಂತ ಉದ್ದವಾಗಿದೆಯೇ, ಬಾಲದ ಕೂದಲು ಎರಡೂ ಬದಿಗೆ ಹರಡಿಕೊಂಡಿದೆಯೇ ಎಂದು ನೋಡಿ. ಇವೆಲ್ಲ ಒಟ್ಟಿಗೆ ಕಂಡರೆ ಉದ್ದ ಕೂದಲಿನ ಮರಿಯೆಂದು ಧೈರ್ಯವಾಗಿ ಹೇಳಬಹುದು. ಇವುಗಳಲ್ಲಿ ನಾನು ಹೆಚ್ಚು ನಂಬುವುದು ಬಾಲವನ್ನು. ಗಿಡ್ಡ ಕೂದಲಿನ ಮರಿಯ ಬಾಲವು ತುದಿಯ ಕಡೆಗೆ ಸಪೂರವಾಗುತ್ತ ಹೋಗುತ್ತದೆ.

ಆಮೇಲೂ ಒಂದು ಗೊಂದಲದ ಕಾಲ ಬರುತ್ತದೆ. ಸುಮಾರು ನಾಲ್ಕರಿಂದ ಆರು ತಿಂಗಳಲ್ಲಿ ಎಳೆಗೂದಲು ಉದುರಿ ವಯಸ್ಕ ಕೂದಲು ಬರತೊಡಗುವಾಗ, ಉದ್ದ ಕೂದಲಿನ ಮರಿಯೂ ಬಡಕಲಾಗಿ, ಕೂದಲು ಗಿಡ್ಡವಾದಂತೆ ತೋರಬಹುದು. ಕುತ್ತಿಗೆಯ ಸುತ್ತಲಿನ ಜೂಲು ತುಂಬಿಕೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯುವುದುಂಟು; ಮೇನ್ ಕೂನ್‌ನಂಥ ನಿಧಾನವಾಗಿ ಬೆಳೆಯುವ ತಳಿಗಳಲ್ಲಿ ಇನ್ನೂ ಹೆಚ್ಚು.

ತಾಯಿಯದು ಗಿಡ್ಡ ಕೂದಲೆಂಬ ಕಾರಣಕ್ಕೆ ಮರಿಗಳದೂ ಗಿಡ್ಡವೇ ಆಗಬೇಕೆಂದಿಲ್ಲ. ಒಂದು ಕೂದಲು ಇಷ್ಟು ಬೆಳೆದದ್ದು ಸಾಕು ಎಂದು ತಡೆ ಹಾಕುವ ಪ್ರೋಟೀನನ್ನು ಎಫ್‌ಜಿಎಫ್5 ಎಂಬ ವಂಶವಾಹಿ ತಯಾರಿಸುತ್ತದೆ. ಪ್ರತಿ ಬೆಕ್ಕಿನಲ್ಲೂ ಇದರ ಎರಡು ಪ್ರತಿಗಳಿರುತ್ತವೆ. ಒಂದು ಸರಿಯಾಗಿದ್ದರೂ ಕೂದಲು ಗಿಡ್ಡವಾಗಿಯೇ ಉಳಿಯುತ್ತದೆ, ಎರಡೂ ಕೆಟ್ಟಿದ್ದರೆ ಮಾತ್ರ ಉದ್ದವಾಗುತ್ತದೆ. ಹಾಗಾಗಿ ಗಿಡ್ಡ ಕೂದಲಿನ ತಾಯಿ ಕೆಟ್ಟ ಪ್ರತಿಯೊಂದನ್ನು ಹೊರಗೆ ಕಾಣದಂತೆ ಹೊತ್ತಿರಬಹುದು. ತಂದೆ-ತಾಯಿ ಇಬ್ಬರೂ ಗಿಡ್ಡ ಕೂದಲಿನವರಾಗಿದ್ದು ಇಬ್ಬರಲ್ಲೂ ಅಂಥ ಪ್ರತಿಯಿದ್ದರೆ, ಪ್ರತಿ ಮರಿಗೂ ಉದ್ದ ಕೂದಲು ಬರುವ ಸಾಧ್ಯತೆ 4ರಲ್ಲಿ 1. ತಂದೆ ಉದ್ದ ಕೂದಲಿನವನಾಗಿದ್ದು ತಾಯಿಯಲ್ಲಿ ಅಂಥ ಪ್ರತಿಯೊಂದಿದ್ದರೆ ಅರ್ಧಕ್ಕರ್ಧ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಬೆಕ್ಕುಗಳಲ್ಲಿ ಸಾಧ್ಯವಿರುವುದರಿಂದ, ಒಂದು ಮರಿಯನ್ನು ನೋಡಿ ಇನ್ನೊಂದರ ಬಗ್ಗೆ ಊಹಿಸುವಂತಿಲ್ಲ.

ಈಗ ಬೆಳ್ಳಿಗೂದಲಿನ ಮರಿ. ಗರ್ಭದಲ್ಲಿದ್ದಾಗ ತಾಯಿಗೆ ಜ್ವರವೋ ತೀವ್ರ ಒತ್ತಡವೋ ಆಗಿದ್ದರೆ ಮರಿಯ ಕೂದಲಿಗೆ ಬಣ್ಣ ಸರಿಯಾಗಿ ಇಳಿಯದೆ, ಅದು ಬೂದು ಅಥವಾ ಬೆಳ್ಳಿ ಛಾಯೆಯಲ್ಲಿ ಹುಟ್ಟುತ್ತದೆ. ಇದನ್ನು ಫೀವರ್ ಕೋಟ್ ಎನ್ನುತ್ತಾರೆ. ಇದು ಕಾಯಿಲೆಯಲ್ಲ, ವಯಸ್ಕ ಕೂದಲು ಬಂದಂತೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ, ಅಪ್ಪಟ ಬಣ್ಣ ಮೂಡುತ್ತದೆ. ಆದರೆ ವಂಶವಾಹಿಯಿಂದಲೇ ಬಂದ ಹೊಗೆಬಣ್ಣವೂ ಒಂದಿದೆ, ಅದು ಜೀವನಪರ್ಯಂತ ಉಳಿಯುತ್ತದೆ. ಎರಡನ್ನೂ ಪ್ರತ್ಯೇಕಿಸಲು ಕೂದಲನ್ನು ಬೆರಳಿನಿಂದ ಬಿಡಿಸಿ ಬುಡವನ್ನು ನೋಡಿ: ಬುಡ ಕಪ್ಪಾಗಿ ತುದಿ ತಿಳಿಯಾಗಿದ್ದರೆ ನಿಜವಾದ ಬಣ್ಣ ಒಳಗಿನಿಂದ ಬೆಳೆದು ಬರುತ್ತಿದೆ ಎಂದು ತಿಳಿಯಬಹುದು, ಬುಡ ಬಿಳಿಯಾಗಿ ತುದಿ ಕಪ್ಪಾಗಿದ್ದರೆ ಅದು ಹೊಗೆಬಣ್ಣದ ಬೆಕ್ಕು. ಕಪ್ಪು ಮರಿಯ ಮೇಲೆ ಬಿಸಿಲಿನಲ್ಲಿ ಮಾತ್ರ ಕಾಣುವ ಮಸುಕು ಪಟ್ಟೆಗಳೂ ದೊಡ್ಡದಾದಂತೆ ಮಾಯವಾಗುತ್ತವೆ. ಕೆಂಚು ಬೆಕ್ಕಿನ ಪಟ್ಟೆಗಳು ಹಾಗಲ್ಲ. ಕಪ್ಪು ಬೆಕ್ಕಿನಲ್ಲಿ ಪಟ್ಟೆಯನ್ನು ಅಡಗಿಸುವ ವಂಶವಾಹಿಯ ಆಟ ಕೆಂಚು ಬಣ್ಣದ ಮೇಲೆ ನಡೆಯುವುದಿಲ್ಲ.

ಬಿಳಿ ಮಚ್ಚೆಗಳು ಹುಟ್ಟುವಾಗ ಎಲ್ಲಿದ್ದವೋ ಅಲ್ಲಿಯೇ ಇದ್ದು, ಮೈ ಬೆಳೆದಷ್ಟು ಹಿಗ್ಗುತ್ತವೆ. ಕಣ್ಣಿನ ಬಣ್ಣಕ್ಕೆ ಮಾತ್ರ ಇನ್ನೂ ಬೆಲೆ ಕೊಡಬೇಡಿ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ, ನಿಜವಾದ ಬಣ್ಣ ನೆಲೆಗೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಮರಿ ಕೇಳುವವರಿಗೆ ಬಣ್ಣವನ್ನು ಈಗಲೇ ಹೇಳಿ, ಉದ್ದವನ್ನು ಹತ್ತನೆಯ ವಾರಕ್ಕೆ ಹೇಳುತ್ತೇನೆ ಎನ್ನಿ.

ಪ್ರಶ್ನೆ: ಅಚ್ಚ ಬಿಳಿಯೆಂದು ತಂದ ಮರಿಯ ಕಿವಿ, ಮೂಗು, ಬಾಲಗಳು ಎರಡು ತಿಂಗಳಲ್ಲಿ ಕಂದಾಗುತ್ತಿವೆ. ಇದು ಚರ್ಮರೋಗವೇ?

ಉತ್ತರ: ಚರ್ಮದಲ್ಲಿ ಗಾಯ, ಹೊಪ್ಪಳೆ, ತುರಿಕೆ ಯಾವುದೂ ಇಲ್ಲದಿದ್ದರೆ ರೋಗವಲ್ಲ. ನಿಮ್ಮ ಮರಿಯಲ್ಲಿ ಸಯಾಮಿ ತಳಿಯ ಗುಣವಿದೆ. ಕಪ್ಪು ವರ್ಣದ್ರವ್ಯವನ್ನು ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವ ಇಂಥ ಬೆಕ್ಕುಗಳಲ್ಲಿ ಮೈಯ ಬಿಸಿಗೆ ಕೆಲಸ ನಿಲ್ಲಿಸುತ್ತದೆ, ತಂಪಾದ ಭಾಗಗಳಲ್ಲಿ ಮಾತ್ರ ನಡೆಸುತ್ತದೆ. ಗರ್ಭ ಎಲ್ಲ ಕಡೆಯೂ ಒಂದೇ ಸಮ ಬೆಚ್ಚಗಿರುವುದರಿಂದ ಮರಿ ಬಿಳಿಯಾಗಿ ಹುಟ್ಟಿ, ಆಮೇಲೆ ತುದಿಗಳಲ್ಲಿ ಬಣ್ಣ ಪಡೆಯುತ್ತದೆ. ವಯಸ್ಸಾದಂತೆ ಮೈಯೂ ಸ್ವಲ್ಪ ಸ್ವಲ್ಪವೇ ಮಬ್ಬಾಗುತ್ತದೆ. ಶಸ್ತ್ರಚಿಕಿತ್ಸೆಗೆಂದು ಹೊಟ್ಟೆಯ ಕೂದಲು ಬೋಳಿಸಿದರೆ ಅಲ್ಲಿ ಹೊಸದಾಗಿ ಬರುವ ಕೂದಲು ಕಪ್ಪಾಗಿರಬಹುದು, ಆಗ ಗಾಬರಿಯಾಗಬೇಡಿ. ಕಣ್ಣು ಮಾತ್ರ ನೀಲಿಯಾಗಿಯೇ ಉಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಬಿಳಿ ಮರಿಯ ನೆತ್ತಿಯ ಮೇಲೆ ಸಣ್ಣ ಬಣ್ಣದ ಗುರುತಿದ್ದು, ಒಂದು ವರ್ಷದ ಹೊತ್ತಿಗೆ ಅದು ಅಳಿಸಿಹೋಗುತ್ತದೆ. ಅಂಥ ಅಚ್ಚ ಬಿಳಿ ಬೆಕ್ಕಿನ ಎರಡು ಕಣ್ಣೂ ನೀಲಿಯಾಗಿದ್ದರೆ ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ, ಅವುಗಳಲ್ಲಿ ಶೇ. 65ರಿಂದ 85ರಷ್ಟಕ್ಕೆ ಕಿವುಡಿರುತ್ತದೆ.

ಪ್ರಶ್ನೆ: ನಮ್ಮ ತ್ರಿವರ್ಣದ ಬೆಕ್ಕು ಗಬ್ಬವಾಗಿದೆ. ಅದರಂತೆಯೇ ಕಪ್ಪು, ಕೆಂಚು, ಬಿಳಿ ಮೂರೂ ಇರುವ ಗಂಡು ಮರಿ ಹುಟ್ಟಬಹುದೇ?

ಉತ್ತರ: ಹುಟ್ಟುವ ಸಂಭವ ಬಹಳ ಕಡಿಮೆ. ಕೆಂಚು ಬಣ್ಣವನ್ನು ನಿರ್ಧರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಅದು ಎಆರ್‌ಎಚ್‌ಜಿಎಪಿ36 ಎಂಬ ವಂಶವಾಹಿಯೊಳಗೆ ಡಿಎನ್‌ಎಯ ಒಂದು ತುಣುಕು ಬಿಟ್ಟುಹೋದದ್ದರಿಂದ ಆದ ಬದಲಾವಣೆಯೆಂದು ಜಪಾನಿನ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು. ಗಂಡಿಗೆ ತಾಯಿಯಿಂದ ಬರುವುದು ಒಂದೇ ಎಕ್ಸ್ ಆದ್ದರಿಂದ ನಿಮ್ಮ ಬೆಕ್ಕಿನ ಗಂಡು ಮರಿಗಳು ಕೆಂಚು ಇಲ್ಲವೇ ಕಪ್ಪು ಬಳಗಕ್ಕೆ ಸೇರುತ್ತವೆ, ಎರಡಕ್ಕೂ ಅಲ್ಲ. ಎರಡು ಎಕ್ಸ್‌ಗಳಿರುವ ಗಂಡು ಎಲ್ಲೋ ಅಪರೂಪಕ್ಕೆ ಹುಟ್ಟುತ್ತದೆ, ಅದಕ್ಕೆ ಮರಿ ಹುಟ್ಟಿಸುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ಹೆಣ್ಣು ಮರಿಗಳ ವಿಷಯ ತಂದೆಯನ್ನು ಅವಲಂಬಿಸಿದೆ.

ಮಚ್ಚೆಗಳ ಹಂಚಿಕೆಯನ್ನಂತೂ ಯಾರೂ ಮುಂದಾಗಿ ಹೇಳಲಾರರು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಭ್ರೂಣಾವಸ್ಥೆಯಲ್ಲೇ ಯಾದೃಚ್ಛಿಕವಾಗಿ ಸ್ತಬ್ಧವಾಗುತ್ತದೆಂದು ಬ್ರಿಟಿಷ್ ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲಿ ಸೂಚಿಸಿದರು; ಕೆಲಸ ಮಾಡುವ ಎಕ್ಸ್ ಯಾವುದೋ ಆ ಭಾಗದ ಬಣ್ಣ ಅದರದೇ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ 2001ರ ಡಿಸೆಂಬರ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ (ಕ್ಲೋನ್) ಬೆಕ್ಕಿನ ಮೂಲ ಪ್ರಾಣಿ ತ್ರಿವರ್ಣದ್ದಾಗಿದ್ದರೂ, ಮರಿಯ ಮೈಮೇಲೆ ಕೆಂಚು ಬಣ್ಣದ ಸುಳಿವೇ ಇರಲಿಲ್ಲ. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಮಾಡುವ ವಂಶವಾಹಿ ಪರೀಕ್ಷೆ ಕೂದಲಿನ ಉದ್ದವನ್ನೂ ಮೂಲಬಣ್ಣಗಳನ್ನೂ ತಿಳಿಸುತ್ತದೆ; ಯಾವ ಮಚ್ಚೆ ಎಲ್ಲಿ ಬೀಳುತ್ತದೆಂಬುದು ಮರಿ ಹುಟ್ಟಿದ ಮೇಲಷ್ಟೇ ತಿಳಿಯುತ್ತದೆ.