ತಗಡಿನ ಅಂಚಿಗೆ ಯಾವ ಗ್ಲೌಸ್?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಶೀಟ್ ಮೆಟಲ್ ವರ್ಕ್‌ಶಾಪ್ ಇದೆ. ತಗಡು ಎತ್ತಿಡುವಾಗ ಹುಡುಗರ ಕೈ ಕುಯ್ಯುತ್ತಲೇ ಇರುತ್ತದೆ. ಹತ್ತಿ ಗ್ಲೌಸ್ ಏನೂ ತಡೆಯಲಿಲ್ಲ. ಅಂಗಡಿಯವರು 'ಕಟ್ ಲೆವೆಲ್ 5' ಅಂತ ಒಂದು ತೋರಿಸುತ್ತಿದ್ದಾರೆ. ತಗೋಬಹುದಾ ಸಾರ್?

ಉತ್ತರ: ಬರೀ 5 ನೋಡಿ ದುಡ್ಡು ಕೊಡಬೇಡಿ. ಗ್ಲೌಸಿನ ಹಿಂಬದಿ ನೋಡಿ. ಸುತ್ತಿಗೆ ಚಿತ್ರದ ಜೊತೆ ಇಎನ್ 388 (ಗ್ಲೌಸ್ ಪರೀಕ್ಷೆಯ ಯುರೋಪಿನ ಮಾನದಂಡ) ಅಂತ ಇರುತ್ತದೆ, ಕೆಳಗೆ '4ಎಕ್ಸ್43ಡಿ' ತರಹ ಒಂದು ಸಾಲು. ಮೊದಲ ಅಂಕಿ ಸವೆತಕ್ಕೆ, ಎರಡನೆಯದು ಹಳೇ ಕಟ್ ಪರೀಕ್ಷೆಗೆ (ಅಂಗಡಿಯವರು ಹೇಳುವ 5 ಇದರದ್ದೇ), ಮೂರನೆಯದು ಹರಿಯುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. ನಿಮಗೆ ಬೇಕಾಗಿರುವುದು ಐದನೆಯ ಜಾಗದ ಅಕ್ಷರ.

ಯಾಕೆ ಅಂದರೆ, ಹಳೇ ಪರೀಕ್ಷೆಯಲ್ಲಿ ಒಂದೇ ದುಂಡು ಬ್ಲೇಡು ಹಿಂದೆ ಮುಂದೆ ಓಡುತ್ತದೆ, ನೂಲಿನಲ್ಲಿ ಗ್ಲಾಸ್ ಫೈಬರ್ ಅಥವಾ ಸ್ಟೀಲ್ ಎಳೆ ಇದ್ದರೆ ಬ್ಲೇಡೇ ಮೊಂಡಾಗಿ ಅಂಕಿ ಸುಮ್ನೆ ಮೇಲೇರುತ್ತದೆ. ಅದಕ್ಕೇ 2016ರಲ್ಲಿ ಎ ಇಂದ ಎಫ್ ತನಕ ಅಕ್ಷರ ಸೇರಿಸಿದರು. ಇಲ್ಲಿ ಪ್ರತಿ ಸಲ ಹೊಸ ಬ್ಲೇಡು, ಒಂದೇ ಎಳೆತ. ಬ್ಲೇಡನ್ನು ಎಷ್ಟು ಒತ್ತಿದರೂ ತಡೆಯುತ್ತದೆ ಅನ್ನುವುದೇ ಅಕ್ಷರ: ಸಿ ಅಂದರೆ 10 ನ್ಯೂಟನ್, ಡಿ 15, ಅಂದರೆ ಸುಮಾರು ಒಂದೂವರೆ ಕೆಜಿ ಒತ್ತಡ, ಎಫ್ 30. 'ಎಕ್ಸ್' ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ, ಫೇಲಾಗಿದೆ ಅಂತಲ್ಲ.

ಅಂಚು ಉಜ್ಜಿದ ಸಣ್ಣ ಪೀಸುಗಳಿಗೆ ಸಿ ಸಾಕು. ಆಗಷ್ಟೇ ಕತ್ತರಿಸಿದ ದೊಡ್ಡ ಶೀಟ್ ಎತ್ತುವವರಿಗೆ ಡಿ ಅಥವಾ ಇ ಕೊಡಿಸಿ, ಇಲ್ಲಿ ಚೌಕಾಸಿ ಬೇಡ. ತಗಡಿನ ಮೇಲೆ ಎಣ್ಣೆ ಇರುತ್ತದಲ್ವಾ, ಅಂಗೈಗೆ ತರಿತರಿ ನೈಟ್ರೈಲ್ (ಒಂದು ಬಗೆಯ ರಬ್ಬರ್) ಲೇಪನ ಇರಲಿ, ಹಿಡಿತ ಜಾರಿದರೇ ಕೈ ಕುಯ್ಯುವುದು ಜಾಸ್ತಿ. ಸೈಜ್ ಒಬ್ಬೊಬ್ಬರ ಕೈಗೆ ಅಳೆದು ತನ್ನಿ, ಇಲ್ಲದಿದ್ದರೆ ಹುಡುಗರು ಬಿಚ್ಚಿಟ್ಟೇ ಕೆಲಸ ಮಾಡುತ್ತಾರೆ. ಈಗ ಜಾಸ್ತಿ ಸಿಗುವ ಎಚ್‌ಪಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ನೂಲು ಸುಮಾರು 150 ಡಿಗ್ರಿಯಲ್ಲೇ ಕರಗುತ್ತದೆ, ವೆಲ್ಡಿಂಗ್ ಆದ ಬಿಸಿ ಪೀಸು ಮುಟ್ಟಲು ಅದು ಬೇಡವೇ ಬೇಡ.

ಇನ್ನೊಂದು ಮಾತು, ದಯವಿಟ್ಟು ಗೋಡೆ ಮೇಲೆ ಬರೆಸಿ ಹಾಕಿ: ಡ್ರಿಲ್, ಲೇತ್ ತಿರುಗುವಾಗ ಗ್ಲೌಸ್ ಹಾಕಬಾರದು. ಈ ನೂಲು ಸುಲಭಕ್ಕೆ ಹರಿಯುವುದಿಲ್ಲ. ಡ್ರಿಲ್ ಬಿಟ್‌ಗೆ ಸಿಕ್ಕಿಕೊಂಡರೆ ಬೆರಳನ್ನೂ ಸುತ್ತಿಕೊಂಡು ಎಳೆಯುತ್ತದೆ.

ಪ್ರಶ್ನೆ: ಮಂಡ್ಯದ ಕಡೆ ಕಬ್ಬು ಕಡಿಯುವವರಿಗೂ ಇದೇ ಗ್ಲೌಸ್ ಆಗುತ್ತಾ?

ಉತ್ತರ: ಕಬ್ಬು ಹಿಡಿಯುವ ಕೈಗೆ ಹಾಕಿ, ಗರಿಯ ಅಂಚಿನಿಂದ ಅಂಗೈ ಉಳಿಯುತ್ತದೆ. ಆದರೆ ಪರೀಕ್ಷೆ ಮಾಡಿರುವುದು ಸವರಿಕೊಂಡು ಹೋಗುವ ಬ್ಲೇಡಿಗೆ, ಬೀಸಿ ಹೊಡೆಯುವ ಮಚ್ಚಿಗಲ್ಲ. ಎಫ್ ಇದ್ದರೂ ಪೂರ್ತಿ ಏಟು ತಡೆಯುವುದಿಲ್ಲ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು ಮಾತ್ರ ಯಾವ ಗ್ಲೌಸನ್ನೂ ಹಾಕಬಾರದು, ರೋಲರಿಗೆ ತುದಿ ಸಿಕ್ಕರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ.